ಕಿಲ್ಪೆಕ್ಕೋ, ಲಾಂಗ್ ಮೆಲ್ಫರ್ಡೋ?

ಇಂಗ್ಲೆಂಡಿನಲ್ಲಿ ಹಳೆಯ ಹಳ್ಳಿ ಚರ್ಚು ಒಂದನ್ನೇ ನೋಡಲು ಬಿಡುವಿದೆ, ಯಾವುದಕ್ಕೆ ಹೋಗಲಿ ಎಂದು ಕೇಳಿದ್ದೀರಿ.

ಕೆತ್ತನೆಯ ಹುಚ್ಚಿದ್ದರೆ ಹೆರೆಫರ್ಡ್‌ಶೈರಿನ ಕಿಲ್ಪೆಕ್. ಸುಮಾರು 1140ರ, ಅಂದರೆ ನಾರ್ಮನ್ ದೊರೆಗಳ ಕಾಲದ ಕಟ್ಟಡ, ಪುಟ್ಟದು. ಕೆಂಪು ಮರಳುಗಲ್ಲಿನ ದಕ್ಷಿಣ ಬಾಗಿಲವಾಡದ ತುಂಬ ಬಳ್ಳಿ, ಹಾವು, ಡ್ರ್ಯಾಗನ್. ಸೂರಿನಡಿ ಗೋಡೆಯಿಂದ ಹೊರಚಾಚಿದ, ಕೆತ್ತನೆಯ 85 ಚಾಚುಗಲ್ಲುಗಳು ಸಾಲಾಗಿ ಉಳಿದಿವೆ. ಒಂದರಲ್ಲಿ ನಾಯಿಯೂ ಮೊಲವೂ ಹಳೇ ಗೆಳೆಯರ ಹಾಗೆ ಒತ್ತಾಗಿ ಕೂತಿವೆ. ಇನ್ನೊಂದರಲ್ಲಿ ಯೋನಿ ಅಗಲಿಸಿ ತೋರಿಸುವ ಹೆಣ್ಣಿನ ಶಿಲ್ಪ, ಶೀಲಾ-ನಾ-ಗಿಗ್ ಅನ್ನುತ್ತಾರೆ. ಚರ್ಚಿನ ಗೋಡೆಯ ಮೇಲೆ, ಹೌದು!

ಎತ್ತರ, ಬೆಳಕು, ಬಣ್ಣದ ಗಾಜು ಬೇಕಿದ್ದರೆ ಸಫೊಕ್‌ನ ಲಾಂಗ್ ಮೆಲ್ಫರ್ಡ್. ಬಹುಪಾಲು 15ನೇ ಶತಮಾನದ ಕೊನೆಯದು, ಉಣ್ಣೆಬಟ್ಟೆ ವ್ಯಾಪಾರದ ದುಡ್ಡು. ಗೋಡೆಗಿಂತ ಕಿಟಕಿಯೇ ಜಾಸ್ತಿ ಅನ್ನಿಸುತ್ತದೆ. ಹೊರಗೋಡೆಯ ಫ್ಲಿಂಟ್ (ಚಕಮಕಿ) ಕಲ್ಲಿನ ನಡುವೆ ದಾನಿಗಳ ಹೆಸರು, ಅವರ ಆತ್ಮಕ್ಕಾಗಿ ಪ್ರಾರ್ಥಿಸಿ ಎಂಬ ಕೋರಿಕೆ. ದಾನಶಾಸನ ಓದಿ ರೂಢಿಯಿದ್ದವರಿಗೆ ಇದು ಹಬ್ಬ. ಗೋಪುರದ ಈಗಿನ ರೂಪ ಮಾತ್ರ 1903ರದು, ಅಪ್ಪಟ ಮಧ್ಯಯುಗವೇ ಬೇಕೆನ್ನುವವರಿಗೆ ಕಿರಿಕಿರಿ.

ಕಾರಿಲ್ಲದವರಿಗೆ ಮೆಲ್ಫರ್ಡೇ ಸಲೀಸು: ಸಡ್‌ಬರಿವರೆಗೆ ರೈಲು, ಮುಂದೆ ಸುಮಾರು ಮೂರು ಮೈಲಿ. ಕಿಲ್ಪೆಕ್‌ಗೆ ಹೆರೆಫರ್ಡ್ ನಿಲ್ದಾಣದಿಂದ ಎಂಟೊಂಬತ್ತು ಮೈಲಿ. ಮಕ್ಕಳು ಜೊತೆಗಿದ್ದರೆ ದೂರವಾದರೂ ಕಿಲ್ಪೆಕ್ಕೇ ಸರಿ, ಸೂರಿನಡಿಯ ಪ್ರಾಣಿಗಳನ್ನು ನೋಡಲು ಬೈನಾಕ್ಯುಲರ್ ಇಟ್ಟುಕೊಳ್ಳಿ.