ಡೆಸ್ಕ್‌ಟಾಪ್ ಖಾಲಿ ಕಂಡ ತಕ್ಷಣ ಫಾರ್ಮ್ಯಾಟ್‌ಗೆ ಒಪ್ಪಬೇಡಿ

ಹೋದ ತಿಂಗಳು ನನಗೆ ಆಗಿದ್ದನ್ನು ಬರೆಯುತ್ತಿದ್ದೇನೆ. ಲ್ಯಾಪ್‌ಟಾಪಿನ ಡೆಸ್ಕ್‌ಟಾಪ್ ಮೇಲೇ ಎಲ್ಲಾ ಫೈಲು ಇಟ್ಟುಕೊಳ್ಳುವವರು ದಯವಿಟ್ಟು ಪೂರ್ತಿ ಓದಿ.

ನಾನು ಬೆಂಗಳೂರಿನ ಶ್ರೀನಗರದಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಮನೆಯಲ್ಲೇ ಗಣಿತ ಹೇಳಿಕೊಡುತ್ತೇನೆ. ಆರು ವರ್ಷದ ಪ್ರಶ್ನೆಪತ್ರಿಕೆ, ನೋಟ್ಸ್ ಎಲ್ಲಾ ಡೆಸ್ಕ್‌ಟಾಪ್ ಮೇಲಿತ್ತು. ಪಕ್ಕದಲ್ಲಿ 'ಅಮ್ಮ' ಅಂತ ಒಂದು ಫೋಲ್ಡರ್. ನಾಗಮಂಗಲದಲ್ಲಿ ಅಮ್ಮ ಹೇಳಿದ ಹದಿನಾಲ್ಕು ಸೋಬಾನೆ ಪದಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಮೊಬೈಲ್ ತುಂಬಿತು ಅಂತ ಲ್ಯಾಪ್‌ಟಾಪಿಗೆ ಹಾಕಿ, ಮೊಬೈಲಿನಿಂದ ಅಳಿಸಿದ್ದೆ. ಈಗ ಅಮ್ಮನಿಗೆ ಒಂದು ಪದ ಪೂರ್ತಿ ಹೇಳಲು ಉಸಿರು ಸಾಲುವುದಿಲ್ಲ.

ಲ್ಯಾಪ್‌ಟಾಪಿನ ಬ್ಯಾಟರಿ ಹೋಗಿ ವರ್ಷವಾಗಿತ್ತು. ಚಾರ್ಜರ್ ಹಾಕಿಕೊಂಡೇ ಕೆಲಸ. ಒಂದು ರಾತ್ರಿ ವಿಂಡೋಸ್ ಅಪ್‌ಡೇಟ್ ಆಗುತ್ತಿರುವಾಗ ಜೋರು ಮಳೆ ಬಂದು ಕರೆಂಟ್ ಹೋಯಿತು. ಬೆಳಿಗ್ಗೆ ಆನ್ ಮಾಡಿದರೆ ಡೆಸ್ಕ್‌ಟಾಪ್ ಮೇಲೆ ಏನೂ ಇಲ್ಲ. ರೀಸೈಕಲ್ ಬಿನ್, ಬ್ರೌಸರ್, ಅಷ್ಟೇ. ಮಗಳ ಫೋಟೋ ಇದ್ದ ಜಾಗದಲ್ಲಿ ಹೊಸ ಲ್ಯಾಪ್‌ಟಾಪಿನಲ್ಲಿ ಬರುವ ನೀಲಿ ಚಿತ್ರ. ಅಕೌಂಟಿಗೆ ಸೈನ್ ಇನ್ ಆಗುತ್ತಿಲ್ಲ ಅಂತ ಇಂಗ್ಲಿಷಿನಲ್ಲಿ ಒಂದು ಮೆಸೇಜ್ ಬಂತು. ಗಾಬರಿಯಲ್ಲಿ ಅದನ್ನು ಓದದೆ ಮುಚ್ಚಿಬಿಟ್ಟೆ. ಉತ್ತರ ಅದರಲ್ಲೇ ಇತ್ತು.

ಸೀದಾ ಹತ್ತಿರದ ರಿಪೇರಿ ಅಂಗಡಿಗೆ ಓಡಿದೆ. ಕೆಲವು ವರ್ಷದ ಹಿಂದೆ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಅಳಿಸಿಹೋದ ಫೋಟೋಗಳನ್ನು ಅವರೇ ತೆಗೆದುಕೊಟ್ಟಿದ್ದರು, ಹಾಗಾಗಿ ನಂಬಿಕೆ. ಅಲ್ಲಿದ್ದ ಹುಡುಗ ಎರಡು ನಿಮಿಷ ನೋಡಿ, "ವೈರಸ್ ಮೇಡಂ, ಎಲ್ಲಾ ಹೋಗಿದೆ. ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕ್ತೀವಿ, ಆಮೇಲೆ ರಿಕವರಿ ಮಾಡೋಣ" ಅಂದ. ಫಾರ್ಮ್ಯಾಟ್ ಅಂದರೆ ಡ್ರೈವಿನಲ್ಲಿ ಇರುವುದನ್ನೆಲ್ಲ ಅಳಿಸುವುದು. ಆದರೂ ಸರಿ ಅಂದೆ. ಸಂಜೆ ವಿಂಡೋಸ್ ಹೊಸದಾಗಿ ಬಂದಿತ್ತು. ರಿಕವರಿಯಲ್ಲಿ ಒಂದು ಫೈಲೂ ಬರಲಿಲ್ಲ. ಎರಡಕ್ಕೂ ಸೇರಿಸಿ 3,500 ರೂಪಾಯಿ ಕೊಟ್ಟು ಬಂದೆ.

ಭಾನುವಾರ ಭಾವನ ಮಗ ಮನೆಗೆ ಬಂದಿದ್ದ. ಕಂಪನಿಯೊಂದರಲ್ಲಿ ಕಂಪ್ಯೂಟರ್ ಸಪೋರ್ಟ್ ಕೆಲಸ ಅವನದು. ಎಲ್ಲಾ ಕೇಳಿಸಿಕೊಂಡು ಎರಡೇ ಪ್ರಶ್ನೆ ಕೇಳಿದ. "ಚಿಕ್ಕಮ್ಮ, ಹಿಂದಿನ ಚಿತ್ರವೂ ಬದಲಾಗಿತ್ತಾ? ಬ್ರೌಸರಿನಲ್ಲಿ ಸೇವ್ ಮಾಡಿದ ಪಾಸ್‌ವರ್ಡ್‌ಗಳೂ ಇರಲಿಲ್ವಾ?" ಹೌದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಿಮ್ಮ ಫೈಲು ಎಲ್ಲೂ ಹೋಗಿರಲಿಲ್ಲ ಅನ್ಸುತ್ತೆ" ಅಂದ.

ಅವನು ಹೇಳಿದ್ದು ಹೀಗೆ. ವಿಂಡೋಸಿನಲ್ಲಿ ನಮ್ಮ ಹೆಸರಿಗೆ ಒಂದು ಪ್ರೊಫೈಲ್, ಅಂದರೆ ನಮ್ಮ ಫೈಲು, ಸೆಟ್ಟಿಂಗ್ ಎಲ್ಲಾ ಇಡುವ ಜಾಗ ಇರುತ್ತದೆ. ಅದು ಕೆಟ್ಟು ತೆರೆಯದೇ ಹೋದರೆ ವಿಂಡೋಸ್ ನಮ್ಮನ್ನು ಟೆಂಪರರಿ ಪ್ರೊಫೈಲ್ ಒಂದಕ್ಕೆ ಕರೆದುಕೊಂಡು ಹೋಗುತ್ತದೆ. ನಮ್ಮ ಕೋಣೆಯ ಬೀಗ ಕಚ್ಚಿಕೊಂಡಿತು ಅಂತ ಪಕ್ಕದ ಖಾಲಿ ಕೋಣೆಯಲ್ಲಿ ಮಲಗಿಸಿದ ಹಾಗೆ. ಸಾಮಾನೆಲ್ಲ ನಮ್ಮ ಕೋಣೆಯಲ್ಲೇ ಇರುತ್ತದೆ. 2020ರ ಫೆಬ್ರವರಿಯಲ್ಲಿ ವಿಂಡೋಸ್ 10ರ ಕೆಬಿ4532693 ಅನ್ನುವ ಅಪ್‌ಡೇಟ್ ಆದಮೇಲೂ ಹಲವರಿಗೆ ಇದೇ ಥರ ಡೆಸ್ಕ್‌ಟಾಪ್ ಖಾಲಿ ಕಂಡಿತ್ತಂತೆ. ಅವರ ಫೈಲುಗಳು ಬೇರೆ ಹೆಸರಿನ ಯೂಸರ್ ಫೋಲ್ಡರಿನಲ್ಲಿ ಸಿಕ್ಕಿದ್ದವು. ಯಾವಾಗಲೂ ಹೀಗೇ ಆಗುತ್ತದೆ ಅಂತಲ್ಲ. 2018ರ ಅಕ್ಟೋಬರ್ ಅಪ್‌ಡೇಟಿನಲ್ಲಿ ಕೆಲವರ ಫೈಲುಗಳು ನಿಜವಾಗಿಯೂ ಅಳಿಸಿಹೋಗಿ, ಮೈಕ್ರೋಸಾಫ್ಟ್ ಆ ಅಪ್‌ಡೇಟನ್ನೇ ಸ್ವಲ್ಪ ದಿನ ನಿಲ್ಲಿಸಿತ್ತು. ಆದರೆ ಇದೆಯೋ ಇಲ್ಲವೋ ಅಂತ ನೋಡಲು ಒಂದು ನಿಮಿಷ ಸಾಕು.

ಕೀಬೋರ್ಡಿನಲ್ಲಿ ವಿಂಡೋಸ್ ಕೀ ಮತ್ತು ಇ ಒಟ್ಟಿಗೆ ಒತ್ತಿ. ದಿಸ್ ಪಿಸಿ, ಸಿ ಡ್ರೈವ್, ಅದರೊಳಗೆ ಯೂಸರ್ಸ್. ಅಲ್ಲಿ ಟೆಂಪ್ ಅಂತ ಒಂದು ಫೋಲ್ಡರ್, ನಿಮ್ಮ ಹೆಸರಿನದು ಇನ್ನೊಂದು ಕಂಡರೆ ಸಮಾಧಾನ ಮಾಡಿಕೊಳ್ಳಿ. ನಿಮ್ಮ ಹೆಸರಿನದನ್ನು ತೆರೆದು ಡೆಸ್ಕ್‌ಟಾಪ್ ಫೋಲ್ಡರ್ ನೋಡಿ. ಅನುಮತಿ ಕೇಳಿದರೆ ಕಂಟಿನ್ಯೂ ಒತ್ತಿ. ಫೈಲುಗಳು ಕಂಡರೆ ಮೊದಲು ಪೆನ್‌ಡ್ರೈವಿಗೆ ಕಾಪಿ ಮಾಡಿಕೊಳ್ಳಿ, ಉಳಿದಿದ್ದು ಆಮೇಲೆ. ಎಷ್ಟೋ ಸಲ ಒಂದೆರಡು ಬಾರಿ ರೀಸ್ಟಾರ್ಟ್ ಮಾಡಿದರೇ ಹಳೆಯ ಪ್ರೊಫೈಲ್ ವಾಪಸ್ ಬರುತ್ತದೆ. ಬರುವ ತನಕ ಆ ಖಾಲಿ ಡೆಸ್ಕ್‌ಟಾಪಿನಲ್ಲಿ ಹೊಸದೇನೂ ಸೇವ್ ಮಾಡಬೇಡಿ. ಸೈನ್ ಔಟ್ ಆದ ಕೂಡಲೇ ಅದು ಅಳಿಸಿಹೋಗುತ್ತದೆ.

ಹಿಂದಿನ ಚಿತ್ರ ಹಾಗೇ ಇದ್ದು ಐಕಾನ್ ಮಾತ್ರ ಕಾಣದಿದ್ದರೆ ವಿಷಯ ಇನ್ನೂ ಸಣ್ಣದು. ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ, ವ್ಯೂ ಒಳಗೆ ಶೋ ಡೆಸ್ಕ್‌ಟಾಪ್ ಐಕಾನ್ಸ್ ಮುಂದೆ ಟಿಕ್ ಇದೆಯಾ ನೋಡಿ. ಒನ್‌ಡ್ರೈವ್ (ಇಂಟರ್ನೆಟ್‌ನಲ್ಲಿ ಫೈಲು ಇಡುವ ಮೈಕ್ರೋಸಾಫ್ಟ್ ಸೇವೆ) ಬ್ಯಾಕಪ್ ಆನ್ ಆಗಿದ್ದರೆ ಡೆಸ್ಕ್‌ಟಾಪ್ ಫೋಲ್ಡರ್ ಒನ್‌ಡ್ರೈವ್ ಒಳಗೆ ಹೋಗಿ ಕೂತಿರುತ್ತದೆ. ಆ ಬ್ಯಾಕಪ್ ಆಫ್ ಮಾಡಿದಾಗಲೂ ಡೆಸ್ಕ್‌ಟಾಪ್ ಖಾಲಿ ಕಾಣಬಹುದು. ಒನ್‌ಡ್ರೈವ್ ಫೋಲ್ಡರ್ ತೆರೆದರೆ ಅಲ್ಲೇ ಇರುತ್ತವೆ.

ಇನ್ನು ರಿಕವರಿ ಯಾಕೆ ಆಗಲಿಲ್ಲ ಅಂದರೆ, ಹಳೆಯ ಲ್ಯಾಪ್‌ಟಾಪಿನಲ್ಲಿ ಹಾರ್ಡ್ ಡಿಸ್ಕ್ ಇತ್ತು. ಅದರಲ್ಲಿ ಅಳಿಸಿದ್ದು ಅದರ ಮೇಲೆ ಬೇರೆ ಏನಾದರೂ ಬರೆಯುವವರೆಗೆ ಉಳಿದಿರುತ್ತದೆ. ಈಗಿನದರಲ್ಲಿ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆ ಇಲ್ಲದೆ ಚಿಪ್‌ಗಳಲ್ಲೇ ಫೈಲು ಇಡುವ ಡ್ರೈವ್. ಟ್ರಿಮ್ ಅನ್ನುವ ವ್ಯವಸ್ಥೆ, ಅಳಿಸಿದ ಜಾಗ ಇನ್ನು ಬೇಡ ಅಂತ ಡ್ರೈವಿಗೆ ಹೇಳಿಬಿಡುತ್ತದೆ. ಡ್ರೈವ್ ಅದನ್ನು ಖಾಲಿ ಮಾಡಿಬಿಡುತ್ತದೆ. ಆಮೇಲೆ ಯಾವ ಸಾಫ್ಟ್‌ವೇರ್ ಹಾಕಿದರೂ ಏನೂ ಸಿಗುವುದು ಬಹಳ ಕಷ್ಟ. ಮೊದಲು ಫಾರ್ಮ್ಯಾಟ್, ಆಮೇಲೆ ರಿಕವರಿ ಅನ್ನುವುದೇ ತಲೆಕೆಳಗಾದ ಮಾತು. ದಿನವೂ ಇದೇ ಕೆಲಸ ಮಾಡುವವರಿಗೆ ಇದು ಗೊತ್ತಿರಬೇಕಲ್ವಾ? ನನಗೆ ಇವತ್ತಿಗೂ ಸಿಟ್ಟು ಇರುವುದು ಆ ವಿಷಯಕ್ಕೆ.

ಅಂಗಡಿಗೆ ಕೊಡಲೇಬೇಕಾದರೆ, ನಿಮ್ಮ ಎದುರಿಗೇ ಯೂಸರ್ಸ್ ಫೋಲ್ಡರ್ ತೆರೆಸಿ ನೋಡಿ. ರಸೀದಿಯ ಮೇಲೆ 'ಕೇಳದೆ ಫಾರ್ಮ್ಯಾಟ್ ಮಾಡಬಾರದು' ಅಂತ ಬರೆಸಿಕೊಳ್ಳಿ. ವಿಂಡೋಸ್ ಆನ್ ಆಗದಿದ್ದರೂ ಡ್ರೈವನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿ ಫೈಲು ಕಾಪಿ ಮಾಡಬಹುದು. ಹೊಸ ಲ್ಯಾಪ್‌ಟಾಪುಗಳಲ್ಲಿ ಡ್ರೈವ್ ಎನ್‌ಕ್ರಿಪ್ಟ್ ಆಗಿರುವುದು, ಅಂದರೆ ಕೀ ಇಲ್ಲದೆ ಓದಲು ಬಾರದಂತೆ ಇರುವುದು, ಜಾಸ್ತಿ. ಆಗ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇರುತ್ತದೆ. ಈಗಲೇ ನೋಡಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಪ್ರಶ್ನೆಪತ್ರಿಕೆಗಳನ್ನು ಮಕ್ಕಳ ಹತ್ತಿರ ಇರುವ ಪ್ರಿಂಟ್ ನೋಡಿಕೊಂಡು ಮತ್ತೆ ಟೈಪ್ ಮಾಡುತ್ತಿದ್ದೇನೆ. ಅಮ್ಮನ ಪದಗಳಲ್ಲಿ ಮೂರನ್ನು ಯಾವಾಗಲೋ ಅಕ್ಕನಿಗೆ ವಾಟ್ಸಾಪಿನಲ್ಲಿ ಕಳಿಸಿದ್ದೆ. ಅವು ಅವಳ ಮೊಬೈಲಿನಲ್ಲಿ ಇನ್ನೂ ಇವೆ. ಈ ಶನಿವಾರ ಪೆನ್‌ಡ್ರೈವ್ ತೆಗೆದುಕೊಂಡು ನಾಗಮಂಗಲಕ್ಕೆ ಹೋಗುತ್ತಿದ್ದೇನೆ.