ಪುಸ್ತಕದಲ್ಲಿ ಎಲ್ಲವೂ ಸರಿಯಿತ್ತು, ಅವ್ವನ ಬೆನ್ನಲ್ಲಿ ಹುಣ್ಣಿತ್ತು

ಹಾಸಿಗೆ ಹಿಡಿದವರನ್ನು ನೋಡಿಕೊಳ್ಳಲು ಏಜೆನ್ಸಿಯಿಂದ ಜನರನ್ನು ಗೊತ್ತು ಮಾಡಿಕೊಳ್ಳಬೇಕೆಂದಿರುವ ಕಲಬುರಗಿಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಅವ್ವನಿಗೆ ಆದದ್ದು ಇನ್ನೊಬ್ಬರ ಅವ್ವನಿಗೆ ಆಗಬಾರದು. ದೂರು ಗ್ರಾಹಕರ ಆಯೋಗದ ಮುಂದಿರುವುದರಿಂದ ಏಜೆನ್ಸಿಯ ಹೆಸರು ಬರೆಯುತ್ತಿಲ್ಲ.

ಜನವರಿ ಕೊನೆಗೆ ಅವ್ವನಿಗೆ ಲಕ್ವ ಹೊಡೆಯಿತು. ಐವತ್ತು ವರ್ಷ ರೊಟ್ಟಿ ಬಡಿದ ಬಲಗೈ ಸೆರಗಿನ ಮೇಲೆ ಸುಮ್ಮನೆ ಬಿದ್ದುಕೊಂಡಿತು. ಮಾತು ತೊದಲಾಯಿತು. ಮೊದಲೇ ಸಕ್ಕರೆ ಕಾಯಿಲೆ. ಎರಡು ವಾರದ ಮೇಲೆ ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ವೈದ್ಯರು ಒತ್ತಿ ಹೇಳಿದ್ದು ಒಂದೇ ಮಾತು: ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ನಾನು ಸರ್ಕಾರಿ ಕಚೇರಿಯಲ್ಲಿ ಕೆಲಸದಲ್ಲಿದ್ದೇನೆ, ರಜೆಯೆಲ್ಲ ಮುಗಿದಿತ್ತು. ಏಜೆನ್ಸಿಯವರನ್ನು ಕರೆಸಿದೆವು.

ಬಂದವರು ನಯವಾಗಿ ಮಾತನಾಡಿದರು. ‘ತರಬೇತಿ ಪಡೆದ ನರ್ಸ್, ದಿನದ 24 ತಾಸೂ ಮನೆಯಲ್ಲೇ ಇರುತ್ತಾರೆ, ನೀವು ನಿಶ್ಚಿಂತೆಯಿಂದ ಕಚೇರಿಗೆ ಹೋಗಿ ಮೇಡಂ’ ಎಂದರು. ತಿಂಗಳಿಗೆ 22,000 ರೂಪಾಯಿ, ನೋಂದಣಿಗೆಂದು 5,000 ಬೇರೆ, ಎಲ್ಲವೂ ಮುಂಗಡ. ಮರುದಿನವೇ ನೀಲಿ ಸಮವಸ್ತ್ರದ ಹುಡುಗಿ ಬಂದಳು, ಜೊತೆಗೆ ದಪ್ಪ ರಟ್ಟಿನ ಪುಸ್ತಕ ತಂದಳು. ಸಮಯ, ಎಡ ಮಗ್ಗುಲು, ಬಲ ಮಗ್ಗುಲು, ನೀರು, ಮೂತ್ರ, ರಕ್ತದೊತ್ತಡ ಎಂದು ಗೆರೆ ಎಳೆದ ಕಾಲಮುಗಳಿದ್ದವು. ಸಂಜೆ ಮನೆಗೆ ಬಂದವಳೇ ಆ ಪುಸ್ತಕ ನೋಡುತ್ತಿದ್ದೆ. ಎರಡು ತಾಸಿಗೊಂದು ಸಾಲು, ಒಂದೂ ತಪ್ಪಿರಲಿಲ್ಲ. ಅವ್ವ ತಲೆ ಬಾಚಿಕೊಂಡು, ಪೌಡರ್ ಹಚ್ಚಿಸಿಕೊಂಡು ಮಲಗಿರುತ್ತಿದ್ದಳು. ನನಗೆ ನಿಜವಾಗಿಯೂ ಸಮಾಧಾನವಾಗುತ್ತಿತ್ತು.

ಆರು ವಾರದಲ್ಲಿ ಹುಡುಗಿಯರು ಮೂರು ಸಲ ಬದಲಾದರು. ಪ್ರತಿ ಸಲವೂ ‘ಊರಿಗೆ ಹೋಗಿದ್ದಾಳೆ’ ಎಂಬ ಉತ್ತರ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಆಡಿದ ಮಾತು ಬೇರೆಯವರಿಗೆ ತಿಳಿಯದ ರೋಗಿಗೆ ಪರಿಚಿತ ಮುಖ ಎಷ್ಟು ಮುಖ್ಯ ಎಂಬುದು ನನಗೆ ತಡವಾಗಿ ಹೊಳೆಯಿತು. ಅವ್ವ ‘ನೀ, ನೀ’ ಎಂದರೆ ನೀರು ಕೇಳುತ್ತಿದ್ದಾಳೆಂದು ಮೊದಲನೆಯವಳಿಗೆ ತಿಳಿಯುತ್ತಿತ್ತು. ಮೂರನೆಯವಳು ಅದನ್ನು ನರಳಾಟ ಎಂದುಕೊಂಡಿದ್ದಳು.

ಬೇಸಿಗೆಯಲ್ಲಿ ನಮ್ಮ ಕಡೆಯ ಸರ್ಕಾರಿ ಕಚೇರಿಗಳ ವೇಳೆ ಬದಲಾಗುವುದು ನಿಮಗೆ ಗೊತ್ತೇ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ. ಹೀಗಾಗಿ ಏಪ್ರಿಲ್ ಮೊದಲ ದಿನ ನಾನು ಮನೆ ತಲುಪಿದಾಗ ಗಡಿಯಾರದಲ್ಲಿ 2:20. ರೂಢಿಯಂತೆ ಪುಸ್ತಕ ತೆರೆದೆ. ಸಂಜೆ 4ಕ್ಕೆ ಎಡ ಮಗ್ಗುಲು, 6ಕ್ಕೆ ಬಲ ಮಗ್ಗುಲು, 8ಕ್ಕೆ ಎಡ ಮಗ್ಗುಲು, ನೀರು 200 ಮಿಲಿ, ರಕ್ತದೊತ್ತಡ 130/80 ಎಂದು ಅಂದಚೆಂದದ ಅಕ್ಷರದಲ್ಲಿ ಆಗಲೇ ಬರೆದು ಮುಗಿದಿತ್ತು. ಇನ್ನೂ ಬಾರದ ಸಂಜೆಯ ರಕ್ತದೊತ್ತಡ!

ಕೋಣೆಗೆ ಓಡಿದೆ. ಹುಡುಗಿ ನೆಲದ ಮೇಲೆ ನಿದ್ದೆಯಲ್ಲಿದ್ದಳು. ಮೈಗೆ ಒತ್ತು ಬೀಳದಿರಲೆಂದು ಹಾಸಿದ್ದ ಗಾಳಿ ಹಾಸಿಗೆಯ ಪಂಪಿನ ಪ್ಲಗ್ ಕಿತ್ತು ಅದೇ ಜಾಗಕ್ಕೆ ಕೂಲರ್ ಹಾಕಲಾಗಿತ್ತು. ಹಾಸಿಗೆ ಚಪ್ಪಟೆಯಾಗಿ ಕೆಳಗಿನ ಹಲಗೆ ಕೈಗೆ ತಾಗುತ್ತಿತ್ತು. ಅವ್ವನ ನಾಲಗೆ ಬಿಳಿಗಟ್ಟಿ ಒಣಗಿತ್ತು. ಮಗ್ಗುಲಿಗೆ ಹೊರಳಿಸಿ ನೋಡಿದೆ. ಟೊಂಕದ ಕೆಳಗೆ, ಬೆನ್ನೆಲುಬು ಮುಗಿಯುವ ಕಡೆ ಎರಡು ರೂಪಾಯಿ ನಾಣ್ಯದಷ್ಟು ಹುಣ್ಣು, ನಡುವೆ ಕಪ್ಪು, ಸುತ್ತಲೂ ಪೌಡರ್ ಮೆತ್ತಿಕೊಂಡಿತ್ತು. ಹಿಮ್ಮಡಿಯಲ್ಲಿ ಇನ್ನೊಂದು ಶುರುವಾಗಿತ್ತು. ದಿನವೂ ನನ್ನ ಮೂಗಿಗೆ ಬಡಿಯುತ್ತಿದ್ದ ಆ ಪೌಡರಿನ ಘಮ ಏನನ್ನು ಮುಚ್ಚುತ್ತಿತ್ತೆಂದು ಆಗ ತಿಳಿಯಿತು.

ಮೇಲೆ ಕಾಣುವುದಕ್ಕಿಂತ ಒಳಗಿನ ಗಾಯ ದೊಡ್ಡದಾಗಿರುತ್ತದೆ ಎಂದು ಶಸ್ತ್ರಚಿಕಿತ್ಸಕರು ಮೊದಲೇ ಹೇಳಿದ್ದರು. ಸತ್ತ ಮಾಂಸ ಕತ್ತರಿಸಿ ತೆಗೆದ ಮೇಲೆ ಆ ಕುಳಿಯಲ್ಲಿ ನನ್ನ ಹೆಬ್ಬೆರಳು ಹಿಡಿಸುವಷ್ಟು ಜಾಗವಿತ್ತು. ಎಲುಬಿನ ಮೇಲಿನ ಚರ್ಮಕ್ಕೆ ತಾಸುಗಟ್ಟಲೆ ಭಾರ ಬಿದ್ದರೆ ಅಲ್ಲಿಗೆ ರಕ್ತ ಹರಿಯುವುದು ನಿಲ್ಲುತ್ತದೆ, ಚರ್ಮ ಒಳಗಿನಿಂದಲೇ ಸಾಯುತ್ತದೆ. ಸಕ್ಕರೆ ಕಾಯಿಲೆಯವರಿಗೆ ಇದು ಬೇಗ ಆಗುತ್ತದೆ, ನಿಧಾನ ಮಾಯುತ್ತದೆ. ‘ವಯಸ್ಸಾದವರಿಗೆ ಇದೆಲ್ಲ ಸಹಜ’ ಎಂದರು ಏಜೆನ್ಸಿಯವರು. ಅಲ್ಲ, ಸಹಜವಲ್ಲ. ಬಹುಪಾಲು ತಡೆಯಬಹುದಾದ ಗಾಯ ಇದು.

ಆ ಹುಡುಗಿಯನ್ನು ನಾನು ಬೈದೆ, ಆಮೇಲೆ ಕೂರಿಸಿ ಕೇಳಿದೆ. ಯಾದಗಿರಿ ಕಡೆಯ ಹಳ್ಳಿಯವಳು, ನರ್ಸಿಂಗ್ ಓದಿಲ್ಲ, ಹದಿನೈದು ದಿನ ಕಲಿಸಿ ಕಳಿಸಿದ್ದಾರೆ. ಕೈಗೆ ಸಿಗುವುದು 9,000 ರೂಪಾಯಿ. ಡೈಪರ್ ಪದೇ ಪದೇ ಬದಲಿಸುವುದು ತಪ್ಪಲೆಂದು ನೀರು ಕಡಿಮೆ ಕೊಡುತ್ತಿದ್ದಳಂತೆ. ಪುಸ್ತಕವನ್ನು ಬೆಳಿಗ್ಗೆಯೇ ಬರೆದಿಡಲು ಹೇಳಿಕೊಟ್ಟವರು ಅವಳ ಮೇಲಿನವರೇ. ಲೆಕ್ಕ ಹಾಕಿ ನೋಡಿ: ಎರಡು ತಾಸಿಗೊಮ್ಮೆ ಎಂದರೆ ದಿನಕ್ಕೆ ಹನ್ನೆರಡು ಸಲ. ಒಬ್ಬಳೇ ಹುಡುಗಿ ಹಗಲೂ ರಾತ್ರಿ, ತಿಂಗಳುಗಟ್ಟಲೆ ಹೀಗೆ ಏಳಬಲ್ಲಳೇ? ಒಬ್ಬರನ್ನೇ ಇಟ್ಟು 24 ತಾಸಿನ ಆರೈಕೆ ಕೊಡುತ್ತೇವೆ ಎನ್ನುವ ಏಜೆನ್ಸಿ ಮೊದಲ ದಿನವೇ ಸುಳ್ಳು ಹೇಳುತ್ತಿದೆ. ಆ ಸುಳ್ಳನ್ನು ನಾನು 22,000 ಕೊಟ್ಟು ಕೊಂಡುಕೊಂಡೆ.

ಆದ್ದರಿಂದ ನನ್ನ ವಿನಂತಿ: ಸಮವಸ್ತ್ರ, ಪುಸ್ತಕ, ಒಪ್ಪಂದ ನೋಡಿ ಗುಣಮಟ್ಟ ಅಳೆಯಬೇಡಿ, ರೋಗಿಯ ಮೈ ನೋಡಿ. ದಿನಕ್ಕೊಮ್ಮೆ ನೀವೇ ಬಟ್ಟೆ ಸರಿಸಿ ಟೊಂಕ, ಸೊಂಟದ ಎರಡೂ ಬದಿ, ಹಿಮ್ಮಡಿ, ಮೊಣಕೈ, ಕಿವಿಯ ಹಿಂಭಾಗ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬೆಳ್ಳಗಾಗದೆ ಕೆಂಪಾಗಿಯೇ ಉಳಿದರೆ ಹುಣ್ಣು ಶುರುವಾಗಿದೆ ಎಂದೇ ತಿಳಿಯಿರಿ. ನಮ್ಮಂಥ ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣುವುದಿಲ್ಲ. ಆಗ ಕೈಯಿಂದ ಮುಟ್ಟಿ ನೋಡಬೇಕು, ಸುತ್ತಲಿನದಕ್ಕಿಂತ ಬಿಸಿ ಅಥವಾ ಗಟ್ಟಿ ಇದ್ದರೆ ಅದೇ ಸೂಚನೆ. ನಾಲಗೆ ಹಸಿಯಾಗಿದೆಯೇ, ಮೂತ್ರ ಕಡು ಹಳದಿಯೇ ಎಂದು ನೋಡಿದರೆ ಎಷ್ಟು ನೀರು ಕೊಟ್ಟಿದ್ದಾರೆಂದು ತಿಳಿಯಲು ಯಾವ ಪುಸ್ತಕವೂ ಬೇಡ.

ಮೊದಲ ದಿನ ನಿಮ್ಮೆದುರೇ ರೋಗಿಯನ್ನು ಮೇಲಕ್ಕೆ ಸರಿಸಲು ಹೇಳಿ. ಕಂಕುಳಲ್ಲಿ ಕೈ ಹಾಕಿ ದರದರ ಎಳೆದರೆ ಕಲಿತವರಲ್ಲ, ಹಾಗೆ ಎಳೆದರೂ ಚರ್ಮ ಹರಿಯುತ್ತದೆ. ಕಲಿತವರು ಇನ್ನೊಬ್ಬರನ್ನು ಕರೆದು ಕೆಳಗಿನ ಚಾದರ ಹಿಡಿದು ಎತ್ತಿ ಸರಿಸುತ್ತಾರೆ. ಊಟ ಕೊಡುವುದನ್ನೂ ನೋಡಿ. ಲಕ್ವ ಹೊಡೆದವರಿಗೆ ಮಲಗಿಸಿಕೊಂಡೇ ಗಂಜಿ ಹಾಕಿದರೆ ಅದು ಶ್ವಾಸನಾಳಕ್ಕೆ ಇಳಿಯಬಹುದು. ಎಬ್ಬಿಸಿ ಕೂರಿಸಿಯೇ ತಿನ್ನಿಸಬೇಕು, ಉಂಡ ಮೇಲೆ ಅರ್ಧ ತಾಸಾದರೂ ಒರಗಿ ಕೂತಿರಬೇಕು.

ನರ್ಸ್ ಎಂದು ಹೇಳಿ ನರ್ಸಿನ ದರ ಕೇಳಿದರೆ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ನೋಂದಣಿ ಇಲ್ಲದವರು ಆರೈಕೆ ಸಹಾಯಕರು. ಅದರಲ್ಲಿ ತಪ್ಪೇನಿಲ್ಲ, ಆದರೆ ಅವರಿಂದ ಇನ್ಸುಲಿನ್ ಚುಚ್ಚಿಸುವುದು, ಮೂತ್ರದ ನಳಿಕೆ ಹಾಕಿಸುವುದು ಬೇಡ. ಮುಂಗಡ ಮರಳಿ ಸಿಗುವ ಷರತ್ತು ಬರಹದಲ್ಲಿ ಇರಲಿ. ನನ್ನ ರಸೀದಿಯಲ್ಲಿ ‘ನೋಂದಣಿ ಶುಲ್ಕ’ ಎಂದಷ್ಟೇ ಇತ್ತು, ಯಾವ ಸೇವೆಗೆ ಎಂಬುದೇ ಇರಲಿಲ್ಲ.

ನಿಮಗೂ ಹೀಗೆ ಆಗಿದ್ದರೆ ಸುಮ್ಮನಿರಬೇಡಿ. ದಿನಾಂಕ ಕಾಣುವಂತೆ ಗಾಯದ ಫೋಟೋ ತೆಗೆದಿಡಿ, ಅವರ ಪುಸ್ತಕವನ್ನು ಅವರ ಕೈಗೆ ಹಿಂದಿರುಗಿಸಬೇಡಿ. ಗ್ರಾಹಕರ ಸಹಾಯವಾಣಿ 1915, ಹಿರಿಯರ ಸಹಾಯವಾಣಿ 14567. ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ.

ಅವ್ವನ ಗಾಯ ತುಂಬಿಕೊಳ್ಳಲು ನಾಲ್ಕು ತಿಂಗಳು ಹಿಡಿಯಿತು. ಈಗ ಹಗಲಿಗೊಬ್ಬರು, ರಾತ್ರಿಗೊಬ್ಬರು ನಮ್ಮ ಓಣಿಯ ಇಬ್ಬರು ಹೆಣ್ಣುಮಕ್ಕಳು ಬರುತ್ತಾರೆ. ಆಸ್ಪತ್ರೆಯ ನರ್ಸ್ ಒಬ್ಬರು ಅವರಿಗೆ ಮಗ್ಗುಲು ಬದಲಿಸುವುದನ್ನು ಕಲಿಸಿಕೊಟ್ಟಿದ್ದಾರೆ. ಅವರೂ ಶಾಲೆಯ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ, ಕಾಟು ಹೊಡೆದ ಸಾಲುಗಳೇ ಹೆಚ್ಚು. ಹೋದ ವಾರದ ಒಂದು ಸಾಲು ಹೀಗಿದೆ: ‘ರಾತ್ರಿ 2ಕ್ಕೆ ನಿದ್ದೆ ಹತ್ತಿತು, ಹೊರಳಿಸಲಿಲ್ಲ. 3:10ಕ್ಕೆ ಹೊರಳಿಸಿದೆ. ಬೆನ್ನು ನೋಡಿದೆ, ಏನೂ ಆಗಿಲ್ಲ.’