ಐರನ್ ಫಿಲ್ಟರ್, ಮೂರು ವರ್ಷದ ಬಳಕೆ: ಅರ್ಧ ಇಂಚಿನ ಪೈಪು ಮಾಡಿದ ಕಿತಾಪತಿ

ನಮ್ಮ ಬೋರ್‌ವೆಲ್ ನೀರು ನೋಡಲು ಬಹಳ ಸಭ್ಯ. ನಲ್ಲಿಯಿಂದ ಬೀಳುವಾಗ ಕನ್ನಡಿಯ ಹಾಗೆ ತಿಳಿ. ರಾತ್ರಿ ಬಕೆಟ್ಟಿನಲ್ಲಿ ಹಿಡಿದಿಟ್ಟರೆ ಬೆಳಗಾಗುವಷ್ಟರಲ್ಲಿ ತಳದಲ್ಲಿ ಕೆಂಪು ಗಸಿ. ನೆಲದಡಿ ಗಾಳಿ ಇಲ್ಲದ ಜಾಗದಲ್ಲಿ ಕಬ್ಬಿಣ ಕರಗಿಕೊಂಡೇ ಇರುತ್ತದೆ. ಮೇಲೆ ಬಂದು ಗಾಳಿ ತಗುಲಿದ ಮೇಲಷ್ಟೇ ಅದರ ಬಣ್ಣ ಬಯಲು. ಲೀಟರಿಗೆ 0.3 ಮಿಲಿಗ್ರಾಂ ದಾಟಿದರೆ ಕಲೆ ಶುರು ಅಂತಾರೆ. ನಮ್ಮದು ಪರೀಕ್ಷೆಯಲ್ಲಿ 3.8 ಬಂತು.

ಫಿಲ್ಟರ್ ಕೊಳ್ಳುವ ಮೊದಲು ಎರಡು ದಡ್ಡತನ ಮಾಡಿದೆ. ಒಂದು, ದಾರ ಸುತ್ತಿದ ಅಗ್ಗದ ಕಾರ್ಟ್ರಿಡ್ಜ್ ಹಾಕಿಸಿದ್ದು. ಅದು ಹಿಡಿಯುವುದು ಗಟ್ಟಿಯಾದ ಕಸವನ್ನು. ಕರಗಿದ ಕಬ್ಬಿಣ ಅದರೊಳಗಿಂದ ಆರಾಮಾಗಿ ನಡೆದುಹೋಗುತ್ತದೆ. ಎರಡನೆಯದು, ಬಿಳಿ ಅಂಗಿಯ ಮೇಲಿನ ಹಳದಿ ಚುಕ್ಕೆಗೆ ಬ್ಲೀಚ್ ಸುರಿದದ್ದು. ಬ್ಲೀಚ್ ಕಬ್ಬಿಣವನ್ನು ಇನ್ನಷ್ಟು ತುಕ್ಕಾಗಿಸುತ್ತದೆ ಅಂತ ಆಗ ಗೊತ್ತಿರಲಿಲ್ಲ. ಹಳದಿ ಚುಕ್ಕೆ ಕಂದು ಆಯಿತು, ಅಂಗಿ ನೆಲ ಒರೆಸುವ ಬಟ್ಟೆ ಆಯಿತು.

ಆಮೇಲೆ ಈ ಫಿಲ್ಟರ್ ಬಂತು. ಸಿಲಿಂಡರಿನ ಎತ್ತರ, ಗಂಟೆಗೆ ಎಷ್ಟು ಲೀಟರ್, ಎಲ್ಲ ಡಬ್ಬದ ಮೇಲೇ ಬರೆದಿದೆ, ಬಿಡಿ. ಒಳಗಿರುವುದು ಮ್ಯಾಂಗನೀಸ್ ಡೈಆಕ್ಸೈಡ್ ಮೆತ್ತಿದ ಕಪ್ಪು ಮರಳು. ಕರಗಿದ ಕಬ್ಬಿಣವನ್ನು ಅಲ್ಲೇ ತುಕ್ಕಾಗಿಸಿ, ಅಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಹಾಗೆ ಹಿಡಿದದ್ದನ್ನು ಆಗಾಗ ಉಲ್ಟಾ ನೀರು ಹಾಯಿಸಿ ತೊಳೆದು ಹೊರಹಾಕಬೇಕು. ಅದಕ್ಕೆ ಬ್ಯಾಕ್‌ವಾಶ್ ಅಂತ ಹೆಸರು. ನನ್ನ ಮೂರು ವರ್ಷದ ಜಗಳವೆಲ್ಲ ಇದರ ಸುತ್ತಲೇ.

ಮೊದಲ ಎರಡು ತಿಂಗಳು ಬಹಳ ಚೆನ್ನಾಗಿತ್ತು. ಬಕೆಟ್ಟಿನ ತಳ ಬೆಳಗ್ಗೆಯೂ ಬಿಳಿ. ಸಿಕ್ಕವರ ಹತ್ತಿರವೆಲ್ಲ ಹೊಗಳಿದೆ. ಮೂರನೇ ತಿಂಗಳು ಕಮೋಡಿನಲ್ಲಿ ನೀರು ಇಳಿಯುವ ಜಾಗದಲ್ಲಿ ತೆಳ್ಳಗೆ ಒಂದು ಕಿತ್ತಳೆ ಗೆರೆ ಕಾಣಿಸಿತು. ಐದನೇ ತಿಂಗಳಿಗೆ ಅದು ಪಟ್ಟಿಯೇ ಆಯಿತು. ಮಾರಿದವರಿಗೆ ಫೋನ್ ಮಾಡಿದರೆ ‘ಮೀಡಿಯಾ ಹೋಗಿದೆ, ಬದಲಿಸಿ’ ಎಂದರು. ಮೀಡಿಯಾ ಅಂದರೆ ಒಳಗಿನ ಆ ಕಪ್ಪು ಮರಳೇ. ವರ್ಷಗಟ್ಟಲೆ ಬಾಳಬೇಕಾದದ್ದು ಅದು, ಐದೇ ತಿಂಗಳಿಗೆ ಹೋಗುತ್ತಾ? ಆದರೂ ಬದಲಿಸಿದೆ. ಮತ್ತೆ ಎರಡು ತಿಂಗಳು ಸುಖ, ಮತ್ತೆ ಅದೇ ಗೆರೆ. ಆಗಲೇ ವಿಮರ್ಶೆ ಬರೆದಿದ್ದರೆ ಒಂದು ಸ್ಟಾರೂ ಕೊಡುತ್ತಿರಲಿಲ್ಲ.

ಹಣೆಬರಹ ಬದಲಾದದ್ದು ಬೇರೆ ಯಾವುದೋ ನಲ್ಲಿ ರಿಪೇರಿಗೆ ಬಂದ ಪ್ಲಂಬರ್‌ನಿಂದ. ಫಿಲ್ಟರ್ ಪಕ್ಕ ಕೂತು ಪೈಪು ಸವರಿ ಕೇಳಿದ, “ಸಾರ್, ಒಳಗೆ ಬರೋದು ಒಂದು ಇಂಚು. ತೊಳೆದ ನೀರು ಹೊರಗೆ ಹೋಗೋಕೆ ಅರ್ಧ ಇಂಚು ಯಾಕೆ ಹಾಕಿದಾರೆ?”

ನನಗೇನು ಗೊತ್ತು! ಜೋಡಿಸಿದವರು ಕೈಗೆ ಸಿಕ್ಕ ಪೈಪು ಹಾಕಿ ಹೋಗಿದ್ದರು ಅಷ್ಟೇ. ಬ್ಯಾಕ್‌ವಾಶ್ ಆಗುವಾಗ ಮರಳು ಅಡಿಯಿಂದ ಮೇಲೆದ್ದು ಕುದಿಯುವ ಹಾಗೆ ಹೊರಳಾಡಬೇಕು, ಆಗಲೇ ಕಾಳಿಗೆ ಕಾಳು ಉಜ್ಜಿ ತುಕ್ಕು ಬಿಡುತ್ತದೆ. ನೀರು ಹೋಗಲು ದಾರಿಯೇ ಕಿರಿದಾದರೆ ಆ ರಭಸ ಎಲ್ಲಿಂದ ಬರಬೇಕು? ಮುಚ್ಚಳ ಬಿಚ್ಚಿ ಕೈ ಹಾಕಿದರೆ ಮರಳು ಉಂಡೆ ಉಂಡೆ, ಒಣಗಿದ ಗಾರೆಯ ಚೂರಿನ ಹಾಗೆ. ಉಂಡೆಗಳ ನಡುವಿನ ಸಂದಿಯಲ್ಲೇ ನೀರು ತನ್ನ ದಾರಿ ಮಾಡಿಕೊಂಡಿತ್ತು. ನಾನು ಎಸೆದ ಮೊದಲ ಮೀಡಿಯಾ ಬಹುಶಃ ಸರಿಯಾಗೇ ಇತ್ತು ಅನ್ನೋದು ನೆನಪಾದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಉಂಡೆ ಒಡೆದು, ಹೊರಹೋಗುವ ಪೈಪು ಒಂದು ಇಂಚಿಗೆ ಬದಲಿಸಿದೆವು. ಖರ್ಚು ಫಿಲ್ಟರಿನ ಬೆಲೆಯ ಮುಂದೆ ಲೆಕ್ಕಕ್ಕೇ ಇಲ್ಲ.

ಈಗ ಭಾನುವಾರ ಬೆಳಗ್ಗೆ ಬ್ಯಾಕ್‌ವಾಶ್ ನನ್ನದೇ ಕೆಲಸ, ಮನೆಯಲ್ಲಿ ಬೇರೆಯವರಿಗೆ ಮುಟ್ಟಲು ಬಿಡುವುದಿಲ್ಲ. ಮೊದಲು ಮೋಟರ್ ಆಫ್. ನೀರು ಓಡುತ್ತಿರುವಾಗ ಫಿಲ್ಟರಿನ ನೀರಿನ ದಾರಿ ಬದಲಿಸುವ ಹಿಡಿ ತಿರುಗಿಸಿದರೆ, ಸೋರದ ಹಾಗೆ ತಡೆಯುವ ಒಳಗಿನ ರಬ್ಬರ್ ಗ್ಯಾಸ್ಕೆಟ್ ಹಾಳು. ಹಿಡಿ ಅದುಮಿ ಬ್ಯಾಕ್‌ವಾಶ್‌ಗೆ ತಿರುಗಿಸಿ, ಮೋಟರ್ ಹಾಕಿ, ಪೈಪಿನ ಬಾಯಿಗೆ ಬಿಳಿ ಮಗ್ಗು ಹಿಡಿದು ಕೂರುತ್ತೇನೆ. ಮೊದಲು ಬರುವುದು ಸುಮಾರಾದ ನೀರು. ಅರ್ಧ ನಿಮಿಷ ಕಳೆದ ಮೇಲೆ ಪೈಪು ಒಮ್ಮೆ ಕೆಮ್ಮುತ್ತದೆ, ಆಮೇಲೆ ಇಟ್ಟಿಗೆ ಕಲಸಿದ ಹಾಗೆ ದಟ್ಟ ಕೆಂಪು. ವಾರವಿಡೀ ನಮ್ಮ ಬಟ್ಟೆಗೆ, ಬಚ್ಚಲಿಗೆ, ಕೂದಲಿಗೆ ಸೇರಬೇಕಿದ್ದದ್ದು ಇದೇ ಅಲ್ವಾ ಅನ್ನಿಸಿ ಏನೋ ಒಂಥರಾ ಖುಷಿ. ಕೆಂಪು ಕಿತ್ತಳೆಯಾಗಿ, ಕಿತ್ತಳೆ ಹಳದಿಯಾಗಿ, ಮಗ್ಗಿನ ತಳ ಕಾಣುವಷ್ಟು ತಿಳಿಯಾಗಲು ಹನ್ನೆರಡು ನಿಮಿಷ ಬೇಕು. ‘ಐದು ನಿಮಿಷ ಸಾಕು’ ಅಂದಿದ್ದರು ಮಾರಿದವರು. ಗಡಿಯಾರ ಬಿಡಿ, ಮಗ್ಗು ನೋಡಿ. ಕೊನೆಗೆ ರಿನ್ಸ್‌ನಲ್ಲಿ, ಅಂದರೆ ನೀರು ಮತ್ತೆ ಸರಿ ದಿಕ್ಕಿಗೆ ಹಾಯುವ ಹಾಗೆ, ಎರಡು ನಿಮಿಷ ಬಿಟ್ಟರೆ ಮರಳು ಮತ್ತೆ ಕೂರುತ್ತದೆ.

ಈ ಹನ್ನೆರಡು ನಿಮಿಷದಲ್ಲಿ ಹೋಗುವ ನೀರು ಮಾತ್ರ ಕಡಿಮೆ ಅಲ್ಲ. ಡ್ರಮ್ಮಿನಲ್ಲಿ ಹಿಡಿದು, ಕೆಂಪು ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯಲ್ಲಿ ಅಂಗಳ ತೊಳೆಯುತ್ತೇನೆ. ಆದರೂ ಬೇಸಿಗೆಯಲ್ಲಿ ಮನಸ್ಸು ಚುರುಕ್ ಅನ್ನುತ್ತದೆ. ನೀರಿಗೆ ತತ್ವಾರ ಇರುವವರು ಕೊಳ್ಳುವ ಮುಂಚೆ ಇದನ್ನು ಯೋಚಿಸಿ.

ಇನ್ನೊಂದು ಮಾತು, ಹಳೆ ಕಲೆಯನ್ನು ಫಿಲ್ಟರ್ ತೆಗೆಯುವುದಿಲ್ಲ. ಟ್ಯಾಂಕಿನ ತಳ ಮತ್ತು ಪೈಪಿನೊಳಗಿನ ಹಳೆಯ ತುಕ್ಕು ಕೆಲವು ವಾರ ಉದುರುತ್ತಲೇ ಇತ್ತು. ಟೈಲ್ಸಿಗೆ ಸಿಟ್ರಿಕ್ ಆಸಿಡ್ ಪುಡಿಯನ್ನು ಬಿಸಿನೀರಿನಲ್ಲಿ ಕಲಸಿ, ಹಳೆ ಬಟ್ಟೆ ಅದ್ದಿ ಕಲೆಯ ಮೇಲೆ ಅರ್ಧ ಗಂಟೆ ಹೊದಿಸಿದೆ. ಉಜ್ಜದೇ ಬಂತು. ಕಮೋಡಿನ ಹಠಮಾರಿ ಗೆರೆಗೆ ಆಕ್ಸಾಲಿಕ್ ಆಸಿಡ್ ಬೇಕಾಯಿತು. ಅದು ವಿಷ, ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಯಾವ ಆಸಿಡ್ ಆದರೂ ಬ್ಲೀಚ್ ಜೊತೆ ಸೇರಿಸಲೇಬೇಡಿ, ಕ್ಲೋರಿನ್ ಗ್ಯಾಸ್ ಏಳುತ್ತದೆ. ಫ್ಲಶ್ ಟ್ಯಾಂಕಿನ ಗೋಡೆಗೆ ಅಂಟುತ್ತಿದ್ದ ಕೆಂಪು ಲೋಳೆ ಐರನ್ ಬ್ಯಾಕ್ಟೀರಿಯಾದ್ದು. ಅದು ಪೂರ್ತಿ ಹೋಗಿಲ್ಲ, ಆದರೆ ಈಗ ವರ್ಷಕ್ಕೆ ಎರಡು ಸಲ ಬ್ರಷ್ ಹಾಕಿದರೆ ಸಾಕು.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಕಡಿಮೆಯಾದ ಒಂದು ಸ್ಟಾರ್ ಆ ಅರ್ಧ ಇಂಚಿನ ಪೈಪಿಗೆ. ಹೋದ ವಾರದಿಂದ ಹಿಡಿಯ ಬುಡದಲ್ಲಿ ಸಣ್ಣಗೆ ತೊಟ್ಟಿಕ್ಕುತ್ತಿದೆ. ಗ್ಯಾಸ್ಕೆಟ್ ಇರಬೇಕು. ಅದೇ ಪ್ಲಂಬರ್‌ಗೆ ಬರಹೇಳಿದ್ದೇನೆ, ಭಾನುವಾರಕ್ಕೆ ಮುಂಚೆ.